ತಿರುವಿ ಹಾಕಿದ ಡೇರೆ

ಕಣ್ಣಿನ ಡಾಕ್ಟರ ಕ್ಲಿನಿಕ್ಕಿಗೆ ಹೊಲಿದ ಪರದೆಗಳು ಒಂದು ಗೇಣು ಗಿಡ್ಡವಾದದ್ದೇ ಎಲ್ಲಕ್ಕೂ ಮೂಲ. ಹಲ್ಲಿನ ಡಾಕ್ಟರದ್ದಾಗಿದ್ದರೆ ಜನ ಒಂದು ದಿನ ನಕ್ಕು ಮರೆಯುತ್ತಿದ್ದರು. ಕಣ್ಣಿನ ಡಾಕ್ಟರದ್ದಾದ್ದರಿಂದ ಮರೆಯುವ ಮನಸ್ಸು ಯಾರಿಗೂ ಬರಲಿಲ್ಲ. ಪರದೆಯ ಕೆಳಗಿನ ಸಂದಿಯಿಂದ ಬೀದಿನಾಯಿಯೊಂದು ಒಳಗಿಣುಕಿ, ರೋಗಿಗಳ ಜೊತೆ ತಾನೂ ಗೋಡೆಯ ಮೇಲಿನ ಅಕ್ಷರಗಳನ್ನು ಓದುತ್ತದಂತೆ, ಅದೂ ಕೊನೆಯ ಸಾಲಿನವರೆಗೆ, ಎಂಬ ಜೋಕು ಬೀದಿಯ ಆ ತುದಿಯಲ್ಲಿ ಹುಟ್ಟಿ, ಅಂಗಡಿಯಿಂದ ಅಂಗಡಿಗೆ ಹಾದು, ಭಾನುವಾರ ಮಧ್ಯಾಹ್ನ ಅವನ್ನು ಹೊಲಿದ ಪರದೆಯಮ್ಮನ ಊಟದ ಮೇಜಿಗೇ ಬಂದು ಕುಳಿತಿತು. ತಂದು ಕೂರಿಸಿದವನು ಮನೆಯಲ್ಲೇ ಇರುವ ಅಳಿಯ.

ಮಗಳು ನಕ್ಕಳು, ತಾಯಿಯ ಮುಖ ನೋಡಿ ನಗುವನ್ನು ಕೆಮ್ಮಾಗಿ ಬದಲಿಸಿದಳು.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿಯವನಿಗೂ ಚಪ್ಪಲಿ ಅಂಗಡಿಗೂ ನಡುವೆ ಪರದೆಯಮ್ಮನ ಹೊಲಿಗೆಯ ಕೋಣೆ. ಒಂದು ಷಟರು, ಎರಡು ಮೆಷಿನ್ನು, ನಡುವೆ ಸೊಟ್ಟಗಾದ ಕತ್ತರಿಸುವ ಮೇಜು, ಇಸ್ತ್ರಿಯ ಹಬೆಯ ವಾಸನೆ, ನೆಲದ ತುಂಬ ದಾರದ ಚೂರು. ಗಂಡ ಇದ್ದಾಗ ಕಿಟಕಿಗೆ ಸರಳು ಕೂರಿಸುವುದು ಅವನ ಕೆಲಸ, ಸರಳಿಗೆ ಪರದೆ ತೂಗಿಸುವುದು ಇವಳದು. ಅವನು ಹೋದ ಮೇಲೆ ಗೋಡೆಗೆ ತೂತು ಕೊರೆಯುವುದನ್ನೂ ಇವಳೇ ಕಲಿತಳು. ಊರಿನ ಅರ್ಧ ಜನ ಬೆಳಗಾಗೆದ್ದು ಮೊದಲು ಮುಟ್ಟುವುದು ಇವಳು ಹೊಲಿದ ಬಟ್ಟೆಯನ್ನು.

ಅವಳ ಕೆಲಸಕ್ಕೆ ಎರಡು ಕಟ್ಟಳೆ ಇದ್ದವು. ಒಂದು, ಪರದೆಗೆ ಮುಖ ಬೇರೆ, ಬೆನ್ನು ಬೇರೆ. ನುಣುಪಾದ ಮುಖ ಕೋಣೆಯೊಳಗಿರುವವರಿಗೆ. ಹೊಲಿಗೆಯ ಮಡಿಕೆ, ಗಂಟು, ದಾರದ ಬಾಲ ಇತ್ಯಾದಿ ಸಂಸಾರದ ಗುಟ್ಟೆಲ್ಲ ಬೆನ್ನಿಗೆ, ಅಂದರೆ ಬೀದಿಯ ಕಡೆಗೆ. "ಬೀದೀಲಿ ಹೋಗೋರು ನಮ್ಮ ಗಿರಾಕಿಗಳೇನು?" ಎನ್ನುತ್ತಿದ್ದಳು. ಇನ್ನೊಂದು, ಪರದೆಯ ಕೆಳಗಂಚಿನ ಮಡಿಕೆಯೊಳಗೆ ಸೀಸದ ಚಿಕ್ಕ ಚಿಕ್ಕ ಗುಂಡು ಸೇರಿಸಿ ಹೊಲಿಯುವುದು. ಆಗ ಪರದೆ ಫ್ಯಾನಿನ ಗಾಳಿಗೆ ಕುಣಿಯುವುದಿಲ್ಲ, ಮರ್ಯಾದೆಯಿಂದ ನಿಲ್ಲುತ್ತದೆ.

ಅಳಿಯ ಮಾರುವುದು ರೆಡಿಮೇಡ್ ಬ್ಲೈಂಡು, ದಾರ ಎಳೆದರೆ ಸರ್ರನೆ ಮೇಲೇರಿ ಸುರುಳಿ ಸುತ್ತಿಕೊಳ್ಳುವಂಥದ್ದು. ಅವುಗಳಿಗೆ ಮುಖವೂ ಇಲ್ಲ, ಬೆನ್ನೂ ಇಲ್ಲ ಎನ್ನುವುದು ಪರದೆಯಮ್ಮನ ದೂರು; ತಕರಾರೂ ಇಲ್ಲ ಎನ್ನುವುದು ಅವನ ಹೆಮ್ಮೆ. ಅಳಿಯ ಕೆಟ್ಟವನಲ್ಲ. ಅದೇ ತೊಂದರೆ. ಕೆಟ್ಟವನಾಗಿದ್ದರೆ ಬೈದು ಕೈ ತೊಳೆದುಕೊಳ್ಳಬಹುದಿತ್ತು. ಇವನು ಅತ್ತೆಗೆ ಕಾಲುಚೀಲ ತಂದುಕೊಡುವವನು, ನೀರಿನ ಕ್ಯಾನು ಎತ್ತಿಡುವವನು, ಒಳ್ಳೆಯತನದಿಂದಲೇ ಮನುಷ್ಯರನ್ನು ಮೂಲೆಗೆ ತಳ್ಳುವ ಜಾತಿ.

"ಅತ್ತೆ, ತಮಾಷೆ ಪಕ್ಕಕ್ಕಿರಲಿ," ಎಂದ ಅವನು. "ಇನ್ನೆಷ್ಟು ದಿನ ಅಂತ ದುಡೀತೀರಿ? ಕಣ್ಣೂ ಈಗ ಸ್ವಲ್ಪ..."

"ಸ್ವಲ್ಪ ಏನು?"

"ಏನಿಲ್ಲ. ರೆಸ್ಟ್ ಕೇಳ್ತಾ ಇದೆ."

"ನಿನ್ನ ಹತ್ರ ಬಂದು ಕೇಳ್ತಾ? ನನ್ನ ಮುಖದಲ್ಲಿದ್ದುಕೊಂಡು ನಂಗೆ ಹೇಳಲಿಲ್ಲವಲ್ಲ."

"ಅಮ್ಮಾ," ಎಂದಳು ಮಗಳು, "ಅವರು ಹೇಳೋದು ನಿನ್ನ ಒಳ್ಳೇದಕ್ಕೇ. ಷಟರ್ ಕೀಲಿ ಇವರ ಹತ್ರ ಇರಲಿ. ನೀನು ಬೇಕಾದಾಗ ಹೋಗಿ ಕೂತ್ಕೋ, ಯಾರು ಬೇಡ ಅಂತಾರೆ?"

ಹೋಗಿ ಕೂತುಕೊಳ್ಳುವುದು! ಪರದೆಯಮ್ಮನಿಗೆ ಕೈಯಲ್ಲಿದ್ದ ಚಮಚ ಭಾರವಾಯಿತು. ಅಳಿಯನ ಸೋಫಾ ಹಿಂದೆ ಹಾಳೆ ಸುತ್ತಿ ನಿಲ್ಲಿಸಿದ್ದ ದೊಡ್ಡ ಹಲಗೆಯೊಂದನ್ನು ಅವಳು ಹೋದ ವಾರವೇ ನೋಡಿದ್ದಳು. ಹಾಳೆಯ ಹರಿದ ಮೂಲೆಯಲ್ಲಿ 'ಬ್ಲೈಂಡ್ಸ್ ಷೋರೂಂ' ಎಂಬ ಕೆಂಪು ಅಕ್ಷರಗಳು ಕಂಡಿದ್ದವು. ಕನ್ನಡಕವಿಲ್ಲದೆಯೇ ಕಂಡಿದ್ದವು. ಆಳುದ್ದದ, ಒಂದು ಗಂಟೂ ಇಲ್ಲದ ಒಳ್ಳೆಯ ಮರ.

ಹಾಗೆಂದು ಅವಳಿಗೆ ಅನುಮಾನವೇ ಇರಲಿಲ್ಲವೇ? ಇತ್ತು. ಕ್ಲಿನಿಕ್ಕಿನ ಕಿಟಕಿಯನ್ನು ತಾನೇ ಅಳೆದದ್ದು, ತಾನೇ ಕತ್ತರಿಸಿದ್ದು, ತೂಗಿಹಾಕಿದ್ದು ಮಾತ್ರ ಕ್ಲಿನಿಕ್ಕಿನವರು. ಎಲ್ಲಿ ತಪ್ಪಿತೆಂದು ಅವಳಿಗೇ ತಿಳಿದಿರಲಿಲ್ಲ. ಆ ಅನುಮಾನವನ್ನು ಮಾತ್ರ ಅವಳು ಯಾರಿಗೂ ಮುಖ ಮಾಡಿ ತೋರಿಸಿರಲಿಲ್ಲ, ಬೆನ್ನಿನ ಕಡೆ ಮಡಿಚಿಟ್ಟಿದ್ದಳು.

"ಮುಂದಿನ ವಾರ ನಾನು ಬೆಟ್ಟಕ್ಕೆ ಹೋಗ್ತಿದೀನಿ," ಎಂದಳು. "ಡ್ರೈವರಮ್ಮನ ಜೊತೆ. ನಾನೇ ಹೊಲಿದ ಡೇರೇಲಿ ಮಲಗ್ತೀನಿ."

"ಈ ಮಳೇಲಾ?" ಎಂದ ಅಳಿಯ. ಆಮೇಲೆ ಅವನೊಳಗಿನ ವ್ಯಾಪಾರಿ ಒಂದು ಕ್ಷಣ ತಲೆ ಎತ್ತಿದ. "ಸರಿ ಅತ್ತೆ. ಒಳಗೆ ಒಂದೇ ಒಂದು ಹನಿ ಬಿದ್ದರೆ?"

"ಬಿದ್ದರೆ ಕೀಲಿ ನಿಂದು."

"ಅಮ್ಮಾ!"

"ಬೀಳದಿದ್ರೆ ಇನ್ಮೇಲೆ ನನ್ನ ಕಣ್ಣಿನ ಸುದ್ದಿ ಈ ಮನೇಲಿ ಯಾರೂ ಎತ್ತಬಾರದು. ನಾಯಿ ಸುದ್ದಿಯೂ."

ಹೀಗೆ, ಸಾರಿನ ಬಟ್ಟಲು ಇನ್ನೂ ಆರದಿರುವಾಗಲೇ, ಇಡೀ ಬದುಕು ಪಣಕ್ಕೆ ಬಿತ್ತು.

ಡ್ರೈವರಮ್ಮ ಶಾಲೆಯ ದಿನಗಳ ಗೆಳತಿ. ಊರ ಬಸ್ಸು ಓಡಿಸಿ ಹೋದ ವರ್ಷವಷ್ಟೇ ನಿವೃತ್ತಿಯಾದವಳು. ಅವಳು ಬಸ್ಸಿನಿಂದ ಇಳಿದಿದ್ದರೂ ಬಸ್ಸು ಅವಳಿಂದ ಇಳಿದಿರಲಿಲ್ಲ. ಮನೆಯಲ್ಲಿ ಕುರ್ಚಿಯಿಂದ ಏಳುವಾಗಲೂ ಬಲಗಡೆಯ ಕನ್ನಡಿ ನೋಡುವವಳಂತೆ ಒಮ್ಮೆ ಕತ್ತು ತಿರುಗಿಸುತ್ತಿದ್ದಳು. ವರ್ಷಕ್ಕೊಮ್ಮೆ ಇಬ್ಬರೂ ಬೆಟ್ಟಕ್ಕೆ ಹೋಗುವುದು ಹಳೆಯ ರೂಢಿ. ಲಾಡ್ಜಿಲ್ಲ, ಗೈಡಿಲ್ಲ; ಡಿಪೋದವರು ಬಿಸಾಕಿದ ಟಾರ್ಪಾಲು, ಎರಡು ಕೋಲು, ಸಿಕ್ಕಿದ ಜಾಗದಲ್ಲಿ ಮಲಗು. ಈ ಸಲ ಟಾರ್ಪಾಲನ್ನು ಇಲಿ ತಿಂದುಹಾಕಿತ್ತು.

"ಹೊಸ ಡೇರೆ ಕೊಂಡ್ಕೊಂಡ್ರಾಯ್ತಪ್ಪ," ಎಂದಿದ್ದಳು ಡ್ರೈವರಮ್ಮ.

"ಹೊಲಿಯೋಳು ಹೊಲಿದಿದ್ದನ್ನ ಕೊಂಡ್ಕೊಳ್ಳೋದಾ? ನೀನು ಆಟೋ ಹತ್ತಿ ಡ್ಯೂಟಿಗೆ ಹೋಗ್ತಿದ್ಯಾ?"

"ಹೋಗ್ತಿದ್ದೆ ಕಣೇ, ಲೇಟಾದಾಗ."

ಪಂದ್ಯದ ಸುದ್ದಿ ಕೇಳಿದಾಗ ಅವಳು ತಲೆ ಚಚ್ಚಿಕೊಂಡಳು. ಆದರೂ ಆ ವಾರವೆಲ್ಲ ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಟ್ಟವಳು ಅವಳೇ. ಮೇಣ ಹಚ್ಚಿದ ದಪ್ಪ ಹತ್ತಿ ಬಟ್ಟೆ, ಎರಡೂ ಮಗ್ಗುಲು ಒಂದೇ. ಪರದೆಯಮ್ಮ ಕನ್ನಡಕ ಏರಿಸಿ, ದೀಪ ಹತ್ತಿರಕ್ಕೆಳೆದು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹೊಲಿದಳು. ಬಾಗಿಲಿಗೆ ನೆರಿಗೆ ಕೊಟ್ಟಳು. ನೆರಿಗೆಯನ್ನು ಪಕ್ಕಕ್ಕೆ ಹಿಡಿದಿಡಲು ಪಟ್ಟಿ ಕೊಟ್ಟಳು. ಪಟ್ಟಿಗೆ ಗೊಂಡೆ ಕೊಟ್ಟಳು. ಕೆಳಗಂಚಿಗೆ, ಕೈಯ ರೂಢಿ, ಉದ್ದಕ್ಕೂ ಸೀಸದ ಗುಂಡು ಕೊಟ್ಟಳು. ಕಂಬಗಳ ಬದಲು ಗಂಡ ಕತ್ತರಿಸಿಟ್ಟಿದ್ದ ಕಬ್ಬಿಣದ ಪರದೆ ಸರಳುಗಳು.

ಬೆಟ್ಟದ ಬುಡದಲ್ಲಿ ಬಸ್ಸಿಳಿದಾಗಲೇ ತುಂತುರು ಶುರುವಾಗಿತ್ತು. ಡೇರೆಯ ಗಂಟನ್ನು ಹೊತ್ತುಕೊಂಡ ಡ್ರೈವರಮ್ಮ ಮೊದಲ ಏರಿನಲ್ಲೇ ನಿಂತಳು.

"ಇದರೊಳಗೇನು ನಿನ್ನ ಮೆಷಿನ್ನೂ ಇದೆಯೇನೇ?"

"ಸೀಸ."

"ಡೇರೆಗೆ ಸೀಸ ಯಾರು ಹಾಕ್ತಾರೆ?"

"ಪರದೆಗೆ ಹಾಕ್ತಾರೆ."

"ಬೆಟ್ಟದಲ್ಲಿ ಯಾವ ಕಿಟಕಿ ನೋಡ್ಕೊಂಡು ಬಂದಿದೀಯ? ಫುಲ್ ಲೋಡು ನಂಗೆ, ಕಂಡಕ್ಟರ್ ಥರ ಕೈ ಬೀಸ್ಕೊಂಡು ನೀನು."

"ಸರಳು ನಾನು ಹೊತ್ತಿಲ್ವಾ? ನಡಿ, ರೈಟ್ ರೈಟ್!"

ದಾರಿ ಕಲ್ಲು, ಕೆಸರು, ಒದ್ದೆ ಹುಲ್ಲು. ಮೋಡ ಬೆಟ್ಟದ ಭುಜದ ಮೇಲೆ ಒಗೆದ ಕಂಬಳಿಯ ಹಾಗೆ ಬಿದ್ದಿತ್ತು. ಪರದೆಯಮ್ಮ ಕೊರಳಿನ ದಾರದಲ್ಲಿ ಕಟ್ಟಿಕೊಂಡಿದ್ದ ಷಟರಿನ ಕೀಲಿ ಪ್ರತಿ ಹೆಜ್ಜೆಗೂ ಎದೆಗೆ ತಟ್ಟುತ್ತಿತ್ತು. ಮನೆಯಲ್ಲಿಟ್ಟು ಬರಬಹುದಿತ್ತು. ಮನೆಯಲ್ಲಿ ಅಳಿಯ ಇದ್ದ.

ಮೇಲೆ, ಒಂದು ಸಣ್ಣ ನೀರಿನ ಹೊಂಡದ ಪಕ್ಕ, ಸಮತಟ್ಟು ಜಾಗದಲ್ಲಿ ಆಗಲೇ ಕಿತ್ತಳೆ ಬಣ್ಣದ ಡೇರೆಯೊಂದು ಎದ್ದಿತ್ತು. ಅದರೊಳಗಿಂದ ಬ್ಯಾಂಕಿನ ಗುಮಾಸ್ತ ದಂಪತಿ ತಲೆ ಹೊರಹಾಕಿದರು. ಹೊಸದಾಗಿ ಮದುವೆಯಾದವರು, ಮಳೆಯನ್ನು ಕಂಡರೂ ನಗು ಬರುವ ವಯಸ್ಸು.

ಇವರ ಡೇರೆ ಎದ್ದು ನಿಂತಾಗ ಆ ಹುಡುಗಿ ಹೊರಗೆ ಬಂದು ಸುತ್ತ ನೋಡಿದಳು. ಹೊರಗಿನಿಂದ ಅದು ಅಷ್ಟೇನೂ ಚೆಂದವಿರಲಿಲ್ಲ. ಮಡಿಕೆಗಳ ಏಣುಗಳು ಎದ್ದು ಕಾಣುತ್ತಿದ್ದವು. ಒಳಗೆ ಇಣುಕಿದವಳು ಬಾಯಿ ತೆರೆದಳು.

"ಅಯ್ಯೋ ಆಂಟಿ, ಎಷ್ಟು ನೀಟಾಗಿದೆ! ಒಂದು ದಾರ ಕಾಣಲ್ಲ. ಗೊಂಡೆ ಬೇರೆ! ಒಳ್ಳೇ ಹೋಟೆಲ್ ರೂಮ್ ಥರ ಇದೆ."

"ಒಳಗಿರೋರಿಗೆ ತಾನೇ ಚೆಂದ ಕಾಣಬೇಕು," ಎಂದಳು ಪರದೆಯಮ್ಮ. ಹೊಗಳಿಕೆ ಅವಳಿಗೆ ಚಹಾಕ್ಕಿಂತ ಬೇಗ ಬಿಸಿ ಹತ್ತಿಸಿತು.

ಮಧ್ಯಾಹ್ನ ಕಳೆಯುತ್ತಲೇ ಗಾಳಿ ಬಂತು. ಮೊದಲು ಹೊಂಡದ ನೀರು ಮುದುರಿತು, ಆಮೇಲೆ ಹುಲ್ಲೆಲ್ಲ ಒಂದೇ ಕಡೆಗೆ ಮಲಗಿತು, ಆಮೇಲೆ ಮಳೆ ಬೀಳುವುದನ್ನು ಬಿಟ್ಟು ಅಡ್ಡಡ್ಡ ಓಡಾಡತೊಡಗಿತು. ಇಬ್ಬರೂ ಡೇರೆಯೊಳಗೆ ಕಾಲು ಮಡಿಚಿ ಕುಳಿತು, ಬೇಯಿಸಿದ ಮೊಟ್ಟೆ ಸುಲಿಯುತ್ತ, ಹೊರಗಿನ ಗದ್ದಲಕ್ಕೆ ಕಿವಿ ಕೊಟ್ಟಿದ್ದರು.

ಆಗ ಪರದೆಯಮ್ಮನ ಮೂಗಿನ ಮೇಲೆ ಒಂದು ಹನಿ ಬಿತ್ತು.

ಡ್ರೈವರಮ್ಮ ಅದನ್ನು ನೋಡಿದಳು. ನೋಡಿಲ್ಲವೆಂದು ತೋರಿಸಲು ಮೊಟ್ಟೆಯನ್ನು ಅಗತ್ಯಕ್ಕಿಂತ ಹೆಚ್ಚು ಶ್ರದ್ಧೆಯಿಂದ ಸುಲಿದಳು.

"ಬೆವರು," ಎಂದಳು ಕೊನೆಗೆ.

"ಈ ಚಳೀಲಿ?"

"ಕೆಲವರಿಗೆ ಬರುತ್ತೆ."

ಎರಡನೆಯ ಹನಿ ಮೊಟ್ಟೆಯ ಮೇಲೇ ಬಿತ್ತು. ಮೊಟ್ಟೆ ಬೆವರುತ್ತದೆಂದು ಹೇಳಲು ಡ್ರೈವರಮ್ಮನಿಗೂ ಬಾಯಿ ಬರಲಿಲ್ಲ. ಅಷ್ಟರಲ್ಲಿ ನೆತ್ತಿಯ ಹೊಲಿಗೆಯುದ್ದಕ್ಕೂ ಹನಿಗಳು ಸಾಲುಗಟ್ಟಿ ನಿಂತು, ಬಾಗಿಲು ತೆರೆಯುವುದನ್ನೇ ಕಾಯುತ್ತಿದ್ದ ಪ್ರಯಾಣಿಕರ ಹಾಗೆ ಒಂದರ ಹಿಂದೊಂದು ಇಳಿಯತೊಡಗಿದವು. ಮಗ್ಗುಲಿನ ಹೊಲಿಗೆಗಳೂ ಹಿಂದೆ ಬೀಳಲಿಲ್ಲ. ಹಾಸಿಗೆ ನೆನೆಯಿತು, ಬ್ರೆಡ್ಡು ಗಂಜಿಯಾಯಿತು. ಪರದೆಯಮ್ಮನ ಕೊರಳಿನ ಕೀಲಿ ಮಂಜುಗಡ್ಡೆಯ ಹಾಗೆ ಎದೆಗೆ ಅಂಟಿಕೊಂಡಿತು.

ಕಣ್ಣು ಹೋಗಿದೆ ಹಾಗಾದರೆ, ಎಂದುಕೊಂಡಳು. ಅಳಿಯ ಹೇಳಿದ್ದು ನಿಜ, ಮಗಳು ಕೆಮ್ಮಿದ್ದು ನಿಜ, ನಾಯಿಯೂ ನಿಜ. ಹೊಲಿಗೆ ಹಾವಿನ ಹಾಗೆ ಹರಿದಿದೆ, ನನಗೆ ನೆಟ್ಟಗೆ ಕಂಡಿದೆ. ನಾಳೆ ಷಟರು ಎತ್ತುವ ಕೈ ಬೇರೆಯವರದು. ನಾನು ಹೋಗಿ ಕೂತುಕೊಳ್ಳಬಹುದು. ಯಾರು ಬೇಡ ಅಂತಾರೆ.

ಹೊರಗೆ ಏನೋ ಪಟಾರನೆ ಹರಿದ ಸದ್ದು. ಬಾಗಿಲ ನೆರಿಗೆ ಸರಿಸಿ ನೋಡಿದರೆ, ಕಿತ್ತಳೆ ಡೇರೆ ಗೂಟ ಸಮೇತ ಕಿತ್ತುಬಂದು, ಹೊಂಡದ ಮೇಲೆ ಎರಡು ಪಲ್ಟಿ ಹೊಡೆದು, ಆಚೆಯ ಇಳಿಜಾರಿನಲ್ಲಿ ಮರೆಯಾಯಿತು. ದಂಪತಿ ಒಂದು ಕ್ಷಣ ತಮ್ಮ ಮನೆಯಿದ್ದ ಜಾಗದಲ್ಲಿ ಮೊಣಕಾಲೂರಿ ಹಾಗೇ ಕುಳಿತಿದ್ದರು.

"ಆಂಟಿ, ನಾವು ಕೆಳಗೆ ಬಸ್ ಸ್ಟಾಪಿನ ಷೆಡ್ಡಿಗೆ ಹೋಗ್ತಿದೀವಿ," ಹುಡುಗ ಗಾಳಿಯ ಮೇಲೆ ಕೂಗಿದ. "ಬೆಳಕಿರೋವಾಗಲೇ ಬಂದುಬಿಡಿ! ನಾನು ಸಾಮಾನು ಹೊತ್ಕೋತೀನಿ. ಈ ವಯಸ್ಸಲ್ಲಿ ಯಾಕೆ ರಿಸ್ಕು?"

ಡ್ರೈವರಮ್ಮ ಕೈಚೀಲಕ್ಕೆ ಫ್ಲಾಸ್ಕು ತುರುಕಲು ಶುರುಮಾಡಿದ್ದಳು. 'ಈ ವಯಸ್ಸಲ್ಲಿ' ಎಂಬ ಮಾತು ಕಿವಿಗೆ ಬಿದ್ದದ್ದೇ ಫ್ಲಾಸ್ಕನ್ನು ಹೊರಗೆ ತೆಗೆದಿಟ್ಟಳು. ಆದರೂ ಗೆಳತಿಯ ಮುಖ ನೋಡಿ ಮೆಲ್ಲಗೆ ಅಂದಳು: "ಇಳಿಯೋಣ್ವೇನೇ? ನನ್ನ ಮಂಡಿ ಬೇರೆ ಹಾರ್ನ್ ಹೊಡೀತಿದೆ."

"ಇರು," ಎಂದಳು ಪರದೆಯಮ್ಮ. ಅವಳ ದೃಷ್ಟಿ ಕಿತ್ತಳೆ ಡೇರೆ ಇದ್ದ ಜಾಗದ ಮೇಲಿತ್ತು. "ಅವರದು ಹಾರಿಹೋಯ್ತು. ನಮ್ಮದು ಯಾಕೆ ಹಾರಲಿಲ್ಲ?"

"ನಮ್ಮದು ಹಾರೋಕೆ ಅದಕ್ಕೇನು ಹುಚ್ಚಾ? ಅಷ್ಟು ಸೀಸ ತಿಂದುಕೊಂಡು."

ಪರದೆಯಮ್ಮ ಕೆಳಗಂಚನ್ನು ಮುಟ್ಟಿ ನೋಡಿದಳು. ಇಡೀ ಬೆಟ್ಟ ನಡುಗುತ್ತಿತ್ತು; ಅಂಚು ಮಾತ್ರ ನೆಲಕ್ಕೆ ಕಚ್ಚಿಕೊಂಡು, ಮರ್ಯಾದೆಯಿಂದ ನಿಂತಿತ್ತು. ಈ ಕೈ ಇಷ್ಟು ಸರಿಯಾಗಿ ಮಾಡಿದ ಮೇಲೆ ಅಷ್ಟು ತಪ್ಪಾಗಿ ಹೇಗೆ ಮಾಡೀತು?

ಅವಳು ಕನ್ನಡಕ ತೆಗೆದು ಜೇಬಿಗೆ ಹಾಕಿ, ಕಣ್ಣು ಮುಚ್ಚಿ, ನೆತ್ತಿಯ ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿದಳು. ಹೊಲಿಗೆ ಅಳತೆಪಟ್ಟಿಯ ಹಾಗೆ ನೆಟ್ಟಗಿತ್ತು. ಪಕ್ಕದ್ದೂ ನೆಟ್ಟಗೆ. ಬಾಗಿಲಿನದೂ ನೆಟ್ಟಗೆ. ಒಂದು ಟಾಕೆ ಜಾರಿಲ್ಲ, ಒಂದು ಎಳೆ ಸಡಿಲವಿಲ್ಲ. ಅವಳು ಒದ್ದೆ ಹಾಸಿಗೆಯ ಮೇಲೆ ಅಂಗಾತ ಮಲಗಿ ಮೇಲೆ ನೋಡಿದಳು. ಮುಖಕ್ಕೆ ಹನಿ ಬೀಳುತ್ತಲೇ ಇತ್ತು. ಆಹಾ, ಎಷ್ಟು ನುಣುಪು! ಒಂದು ದಾರ ಕಾಣಲ್ಲ. ಒಳ್ಳೇ ಹೋಟೆಲ್ ರೂಮ್ ಥರ.

ಪರದೆಯಮ್ಮ ಎದ್ದು ಕುಳಿತಳು.

"ಲೇ, ನಾನು ಮುಖ ಒಳಗೆ ಕೊಟ್ಟಿದೀನಿ."

"ಏನು ಕೊಟ್ಟಿದೀಯ?"

"ಮುಖ ಕಣೇ, ಮುಖ! ಕೋಣೆಯ ಕಡೆಗೆ ಕೊಡ್ತೀನಲ್ಲ, ಹಾಗೇ ಒಳಗೆ ಕೊಟ್ಟಿದೀನಿ. ಮಡಿಕೆ ಎಲ್ಲಾ ಬೀದಿಗೆ. ಅಂದರೆ ಆಕಾಶಕ್ಕೆ! ಒಂದೊಂದು ಮಡಿಕೆಯೂ ಬಾಯಿ ತೆಗೆದುಕೊಂಡು ಮಳೆ ಕುಡೀತಿದೆ, ಸೂಜಿ ತೂತಲ್ಲಿ ನಮ್ಮ ಮೇಲೆ ಉಗೀತಿದೆ."

ಡ್ರೈವರಮ್ಮ ಮೇಲೆ ನೋಡಿದಳು, ಗೆಳತಿಯನ್ನು ನೋಡಿದಳು. "ಅಂದರೆ ಇಡೀ ಡೇರೆಯನ್ನ ಉಲ್ಟಾ ಹೊಲಿದಿದೀಯ."

"ಉಲ್ಟಾ ಅಲ್ಲ. ಪರದೆ ಹೊಲಿದಿದೀನಿ." ಅವಳಿಗೆ ನಗು ಬಂತು. ಹೊಟ್ಟೆಯ ತಳದಿಂದ, ಒದ್ದೆ ಬಟ್ಟೆಗಳನ್ನೆಲ್ಲ ಅಲುಗಿಸಿಕೊಂಡು ಬಂತು. "ಕಣ್ಣು ಹೋಗಿಲ್ಲ ಕಣೇ! ಕೈಯೂ ಹೋಗಿಲ್ಲ. ಇಷ್ಟು ವರ್ಷದ ರೂಢಿ ಬಂದು ಮಾಡಿದ ತಪ್ಪು. ಈ ತಪ್ಪು ಮಾಡೋಕೆ ಕೆಲಸ ಗೊತ್ತಿರಬೇಕು."

"ಗೊತ್ತಿರೋರು ಮಾಡಿದ ತಪ್ಪಲ್ಲೂ ನೀರು ಅಷ್ಟೇ ಸೋರುತ್ತೆ. ಈಗ ಇಳಿಯೋದಾ, ಏನು?"

"ತಿರುವಿ ಹಾಕೋದು."

"ಈಗ? ಈ ಮಳೇಲಿ?"

"ಮಳೆ ನಿಂತ ಮೇಲೆ ತಿರುವಿದರೆ ಏನು ಬಂತು ಭಾಗ್ಯ?"

ಡ್ರೈವರಮ್ಮ ಹೊರಗಿನ ಬೆಟ್ಟವನ್ನು ಒಮ್ಮೆ, ಬಲಗಡೆಯ ಇಲ್ಲದ ಕನ್ನಡಿಯನ್ನು ಒಮ್ಮೆ ನೋಡಿದಳು. ಜೀವಮಾನವೆಲ್ಲ ಜನ ಅವಳಿಗೆ ಹಿಂದಿನ ಸೀಟಿನಿಂದ ಸಲಹೆ ಕೊಟ್ಟಿದ್ದರು. ಅವರಲ್ಲಿ ಯಾರೂ ಇಷ್ಟು ದರಿದ್ರ ಸಲಹೆ ಕೊಟ್ಟಿರಲಿಲ್ಲ.

"ಹೋಲ್ಡಾನ್," ಎಂದು, ಫ್ಲಾಸ್ಕಿನಲ್ಲಿದ್ದ ಚಹಾವನ್ನು ಕುಡಿದು ಮುಗಿಸಿ, ತೋಳು ಮಡಿಚಿದಳು. "ಈಗ ರೈಟ್."

ಡೇರೆಯನ್ನು ತಿರುವುವುದೆಂದರೆ ದಿಂಬಿನ ಚೀಲ ತಿರುವಿದ ಹಾಗೆ ಎಂದು ಪರದೆಯಮ್ಮ ಹೇಳಿದಳು. ಆ ದಿಂಬು ಎಮ್ಮೆಯಷ್ಟು ದೊಡ್ಡದು, ಎಮ್ಮೆಯಷ್ಟೇ ಒದ್ದೆ, ಬದುಕಿದೆ ಬೇರೆ ಎನ್ನುವುದನ್ನು ಹೇಳಲಿಲ್ಲ. ಸರಳು ಕಿತ್ತ ಕೂಡಲೇ ಬಟ್ಟೆ ಗಾಳಿ ಕುಡಿದು ಉಬ್ಬಿ ಡ್ರೈವರಮ್ಮನನ್ನು ಎರಡು ಹೆಜ್ಜೆ ಎಳೆದುಕೊಂಡು ಹೋಯಿತು. ಸೀಸದ ಅಂಚು ಅವಳ ಮೊಣಕಾಲಿಗೆ ಬಡಿಯಿತು. ಅವಳ ಬಾಯಿಂದ ಡಿಪೋದಲ್ಲಿ ಮಾತ್ರ ಬಳಕೆಯಲ್ಲಿದ್ದ ಕೆಲವು ಶಬ್ದಗಳು ಹೊರಬಂದವು.

"ಮೂಲೆ ಹಿಡಿ! ಆ ಮೂಲೆ ಅಲ್ಲ, ಈ ಮೂಲೆ!"

"ಮೂಲೆ ಎಲ್ಲಿದೆ ಅಂತ ಅದಕ್ಕಾದರೂ ಗೊತ್ತಾ?"

"ಮಲಗು ಅದರ ಮೇಲೆ!"

"ಮಲಗಿದೀನಿ! ಅದೂ ನನ್ನ ಮೇಲೆ ಮಲಗಿದೆ!"

ಪರದೆಯಮ್ಮ ಡೇರೆಯೊಳಕ್ಕೆ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ, ನೆತ್ತಿಯ ಹೊಲಿಗೆಯನ್ನು ಎರಡು ಮುಷ್ಟಿಯಲ್ಲಿ ಹಿಡಿದು, ಹಾಗೇ ಹಿಂದಕ್ಕೆ ಎಳೆಯುತ್ತ ಬಾಗಿಲಿನಿಂದ ಹೊರಬಂದಳು. ಹಿಂದೆಯೇ ಡೇರೆಯ ಹೊಟ್ಟೆಯೊಳಗಿನದೆಲ್ಲ ಹೊರಬಂತು: ನುಣುಪಾದ ಮುಖ, ನೆರಿಗೆ, ಪಟ್ಟಿ, ಗೊಂಡೆ. ಗಾಳಿ ಅವಳ ತಲೆಗೂದಲನ್ನು ಬಾಯಿಗೇ ತುಂಬಿತು. ಅದನ್ನು ಉಗುಳಿ, ಬೆಟ್ಟದ ಕಡೆ ತಿರುಗಿ, ಹೊಲಿದದ್ದನ್ನು ವಾಪಸು ಕೊಡಲು ಬಂದ ಗಿರಾಕಿಯ ಜೊತೆ ಮಾತಾಡುವ ದನಿಯಲ್ಲಿ ಕೂಗಿದಳು: "ಊದು! ಇನ್ನೂ ಊದು! ನಿನ್ನಂಥ ಫ್ಯಾನು ಎಷ್ಟು ನೋಡಿಲ್ಲ ನಾನು!"

ಸರಳು ಮತ್ತೆ ನಿಂತವು. ಡ್ರೈವರಮ್ಮ ಕಲ್ಲಿನಿಂದ ಗೂಟ ಬಡಿದಳು, ಗೇರು ಬೀಳದ ಬಸ್ಸಿನ ಮೇಲಿನ ಹಳೆಯ ಸಿಟ್ಟನ್ನೆಲ್ಲ ಸೇರಿಸಿ ಬಡಿದಳು. ಅಂಚಿನ ಗುಂಡುಗಳು ತಾವಾಗಿ ನೆಲಕ್ಕೆ ಕಚ್ಚಿಕೊಂಡವು. ಈಗ ಹೊರಗಡೆ ಗೊಂಡೆಗಳು ಮಳೆಯಲ್ಲಿ ತೊಯ್ದು ಬೆಕ್ಕಿನ ಬಾಲದ ಹಾಗೆ ಜೋತುಬಿದ್ದವು; ಒಳಗೆ ಮಡಿಕೆ, ಗಂಟು, ದಾರದ ಬಾಲ.

ಒಳಗೆ ಹೋಗಿ ಹಾಸಿಗೆ ಹಿಂಡಿ, ಬೆನ್ನಿಗೆ ಬೆನ್ನು ಕೊಟ್ಟು ಕುಳಿತರು. ಮಳೆ ಮೇಲೆ ಡೋಲು ಬಾರಿಸುತ್ತಿತ್ತು. ಇಬ್ಬರೂ ನೆತ್ತಿ ನೋಡುತ್ತ ಕಾದರು. ಹನಿ ಬರಲಿಲ್ಲ. ಇನ್ನೂ ಕಾದರು. ನೀರು ನುಣುಪು ಬಟ್ಟೆಯ ಮೇಲೆ ಜಾರಿ ಅಂಚಿನಿಂದಾಚೆ ಇಳಿಯುವ ಸದ್ದು ಮಾತ್ರ.

"ಒಳಗಿಂದ ನೋಡೋಕೆ ಅಸಹ್ಯವಾಗಿದೆ," ಎಂದಳು ಡ್ರೈವರಮ್ಮ ತೃಪ್ತಿಯಿಂದ.

"ಹೌದು. ನಮ್ಮ ಹಾಗೇ."

ಮೂಲೆಯಲ್ಲೊಂದು ದಾರದ ಬಾಲ ನೇತಾಡುತ್ತಿತ್ತು. ಪರದೆಯಮ್ಮ ಅದನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದಳು. ಆಗ ಇನ್ನೊಂದು ಮಾತು ಅವಳಿಗೆ ಹೊಳೆಯಿತು: ಕ್ಲಿನಿಕ್ಕಿನವರು ಬಟ್ಟೆ ತಾವೇ ತಂದಿದ್ದರು, ಹತ್ತಿ ಬಟ್ಟೆ. ನೀರಲ್ಲಿ ನೆನೆಸಿ ಒಣಗಿಸಿ ಕತ್ತರಿಸಬೇಕಾದ್ದನ್ನು ಅವಸರದಲ್ಲಿ ಹಾಗೇ ಕತ್ತರಿಸಿದ್ದೆ. ಅವರು ತೂಗಿಹಾಕುವ ಮೊದಲು ಒಗೆದಾಗಲೇ ಗೇಣು ಕುಗ್ಗಿರಬೇಕು. ನೀರು ಸೋಕಿದರೆ ಬಟ್ಟೆ ತನ್ನ ಗುಟ್ಟು ಬಿಟ್ಟುಕೊಡುತ್ತದೆ. ಅದೂ ತಪ್ಪೇ. ಆದರೆ ಕಣ್ಣಿನದಲ್ಲ, ಅವಸರದ್ದು. ಅವಸರಕ್ಕೆ ಯಾವ ವಯಸ್ಸಾದರೂ ಆದೀತು.

"ಕೇಳಿಲ್ಲಿ," ಎಂದಳು ಡ್ರೈವರಮ್ಮ. "ನಾಳೆ ಅಳಿಯ ಕೇಳಿದರೆ ಒಂದು ಹನಿಯೂ ಬೀಳಲಿಲ್ಲ ಅನ್ನು. ಈಗ ಬೀಳ್ತಿಲ್ಲವಲ್ಲ, ಸುಳ್ಳೂ ಆಗಲ್ಲ. ಸಾಕ್ಷಿಗೆ ನಾನಿದೀನಿ. ಕೀಲಿ ಉಳಿಯುತ್ತೆ."

"ಮಲಗು."

"ಅಂತೀಯೋ ಇಲ್ಲವೋ?"

"ನಿನ್ನ ಕಾಲು ತೆಗಿ ಮೊದಲು, ಮಂಜುಗಡ್ಡೆ ಆಗಿದೆ."

ಬೆಳಿಗ್ಗೆ ಗಾಳಿ ಇನ್ನೂ ಹಠ ಬಿಟ್ಟಿರಲಿಲ್ಲ. ಇವರೂ ಬಿಟ್ಟಿರಲಿಲ್ಲವಾದ್ದರಿಂದ ಸರಿಹೋಯಿತು. ಒದ್ದೆ ಡೇರೆಯನ್ನು ಮುದ್ದೆಮಾಡಿ ಹೊತ್ತುಕೊಂಡು, ಜಾರುತ್ತ, ಬೈಯುತ್ತ, ಒಬ್ಬರ ಚೀಲ ಒಬ್ಬರು ಹಿಡಿದು ಕೆಳಗಿಳಿದರು.

ಬಸ್ ಸ್ಟಾಪಿನ ಹತ್ತಿರ ಅಳಿಯನ ಕಾರು ನಿಂತಿತ್ತು. ಮಗಳು ಕೊಡೆಯನ್ನು ಬಿಟ್ಟು ಮಳೆಯಲ್ಲೇ ಓಡಿಬಂದು ತಾಯಿಯನ್ನು ತಬ್ಬಿಕೊಂಡಳು. ರಾತ್ರಿಯೆಲ್ಲ ಅತ್ತ ಕಣ್ಣು. ಅಳಿಯನ ಮುಖವೂ ಬಿಳಿಚಿಕೊಂಡಿತ್ತು. ಷೆಡ್ಡಿನಲ್ಲಿದ್ದ ಬ್ಯಾಂಕಿನ ಹುಡುಗ ಅವರಿಗೆ ಎಲ್ಲಾ ಹೇಳಿದ್ದ, ಗಾಳಿಯನ್ನು ಇದ್ದದ್ದಕ್ಕಿಂತ ಸ್ವಲ್ಪ ಹೆಚ್ಚೇ ಮಾಡಿ.

"ಅತ್ತೆ, ನಾನು ಆ ಮಾತು ಆಡಲೇಬಾರದಿತ್ತು," ಎಂದ ಅಳಿಯ. ನಿಜವಾಗಿಯೇ ಅಂದ. ಆದರೆ ಅವಳು ನೆಟ್ಟಗೆ ನಿಂತಿದ್ದಾಳೆ, ಉಸಿರಾಡುತ್ತಿದ್ದಾಳೆ ಎಂದು ಖಾತ್ರಿಯಾದ ಮೇಲೆ ಅವನ ನೋಟ ಮೆಲ್ಲಗೆ ಅವಳ ಕೊರಳಿನ ದಾರಕ್ಕೆ ಇಳಿಯಿತು. "ಅಂದಹಾಗೆ... ಹನಿ ಏನಾದರೂ..."

ಡ್ರೈವರಮ್ಮ ಗೆಳತಿಯ ಕಾಲು ತುಳಿದಳು, ಬ್ರೇಕು ತುಳಿಯುವ ಹಾಗೆ.

"ಹನಿಯಾ?" ಎಂದಳು ಪರದೆಯಮ್ಮ. "ಕೊಡಗಟ್ಟಲೆ ಬಿತ್ತು."

ಡ್ರೈವರಮ್ಮ ಆಕಾಶ ನೋಡಿದಳು.

"ಮುಖ ಒಳಗೆ ಕೊಟ್ಟು ಹೊಲಿದಿದ್ದೆ. ಡೇರೆಗೆ ಮುಖ ಹೊರಗಿರಬೇಕು, ಅದು ನಂಗೆ ಬೆಟ್ಟದ ಮೇಲೆ ಗೊತ್ತಾಯ್ತು. ಅಲ್ಲೇ ತಿರುವಿ ಹಾಕಿದ್ವಿ. ಆಮೇಲೆ ಬೀಳಲಿಲ್ಲ. ಆದರೆ ಮೊದಲು ಬಿದ್ದದ್ದು ಬಿದ್ದದ್ದೇ. ಪಂದ್ಯ ನಾನು ಸೋತೆ."

ಅಳಿಯ ಹೆಂಡತಿಯನ್ನು ನೋಡಿದ. ಅಂಗೈ ಮಾತ್ರ, ಪಾಪ, ಅವನನ್ನು ಕೇಳದೆಯೇ ಅರ್ಧ ತೆರೆದುಕೊಂಡಿತ್ತು.

"ಕೀಲಿ ಕೊಡಲ್ಲ," ಎಂದಳು ಪರದೆಯಮ್ಮ.

"ಅತ್ತೆ?"

"ಸೋತೆ ಅಂದೆ. ಕೊಡ್ತೀನಿ ಅಂದೆನಾ?"

"ಅಂದಿದ್ರಿ... ಊಟದ ಮೇಜಲ್ಲಿ..."

"ಅಂದಿದ್ದೆ. ಈಗ ಇಲ್ಲ ಅಂತಿದೀನಿ. ಸುಳ್ಳು ಹೇಳಿ ಕೀಲಿ ಉಳಿಸಿಕೋ ಅಂದಳು ಇವಳು. ನಂಗ್ಯಾಕೆ ಆ ಕರ್ಮ? ನಿಜ ಹೇಳ್ತೀನಿ, ಕೀಲೀನೂ ಕೊಡಲ್ಲ. ಮಾತು ತಪ್ಪಿದ ಅತ್ತೆ ಅಂತ ಬೀದಿಯಲ್ಲೆಲ್ಲ ಹೇಳು. ಆ ನಾಯಿಗೂ ಹೇಳು. ಷಟರ್ ಎತ್ತುವಾಗ ನಾನೂ ಬಂದೋರಿಗೆಲ್ಲ ಹೇಳ್ತೀನಿ, ಪಂದ್ಯ ಸೋತ ಅಂಗಡಿ, ಬನ್ನಿ ಒಳಗೆ ಅಂತ."

ಮಗಳು ಮೊದಲು ಕೆಮ್ಮಿದಳು. ಈ ಸಲ ಕೆಮ್ಮು ನಗುವಾಗಿ ಬದಲಾಯಿತು. ತಡೆಯಲು ನೋಡಿದಳು, ಆಗಲಿಲ್ಲ. ಕಾರಿನ ಬಾನೆಟ್ಟಿಗೆ ಒರಗಿ ನಕ್ಕಳು.

"ಕೊಡಬೇಡ ಕಣಮ್ಮ," ಎಂದಳು ಕಣ್ಣೊರೆಸಿಕೊಂಡು.

"ನಿನ್ನ ಅಪ್ಪಣೆ ಕೇಳಲಿಲ್ಲ ನಾನು. ಬಾ, ಈ ತುದಿ ಹಿಡಿ. ನೀನೂ ಹಿಡಿಯಪ್ಪ, ಆ ಕಡೆ. ನೀರು ಹಿಂಡದೆ ಕಾರಲ್ಲಿಟ್ಟರೆ ಸೀಟು ಹಾಳಾಗುತ್ತೆ, ಆಮೇಲೆ ಅದಕ್ಕೂ ನನ್ನ ಕಣ್ಣೇ ಕಾರಣ ಅಂತೀಯ."

ಅಳಿಯ ಹಿಡಿದ. ಒಬ್ಬರು ಈ ಕಡೆ, ಒಬ್ಬರು ಆ ಕಡೆ ತಿರುಚಿದರು. ಬೆಟ್ಟದ ಮಳೆ ಅವನ ಹೊಳೆಯುವ ಬೂಟುಗಳ ಮೇಲೆ ಧಾರೆಯಾಗಿ ಸುರಿಯಿತು. ಅವನು ಕಾಲು ಹಿಂದಕ್ಕೆ ಇಟ್ಟನೇ ಹೊರತು ಕೈ ಬಿಡಲಿಲ್ಲ. ಮೊದಲೇ ಹೇಳಿದ ಹಾಗೆ, ಕೆಟ್ಟವನಲ್ಲ.

"ಇನ್ನೊಂದು," ಎಂದಳು ಪರದೆಯಮ್ಮ, ತಿರುಚುವುದನ್ನು ನಿಲ್ಲಿಸದೆ. "ನಿನ್ನ ಸೋಫಾ ಹಿಂದೆ ಒಂದು ಹಲಗೆ ಇದೆ. ಒಳ್ಳೇ ಮರ. ನನ್ನ ಕತ್ತರಿಸೋ ಮೇಜು ಸೊಟ್ಟಗಾಗಿದೆ."

ಅಳಿಯನ ಕಿವಿ ಕೆಂಪಾಯಿತು. ಬೋರ್ಡಿನ ಅಕ್ಷರಗಳಷ್ಟೇ ಕೆಂಪು.

ಸೋಮವಾರ ಷಟರು ಎಂದಿನ ಕೈಯಿಂದಲೇ ಮೇಲೆದ್ದಿತು. ಡೇರೆ ಅಂಗಡಿಯ ಮುಂದೆ ಸರಳಿನ ಮೇಲೆ ಒಣಗುತ್ತಿತ್ತು, ಮುಖ ಬೀದಿಗೆ. ಒಳಗೆ ಡ್ರೈವರಮ್ಮ ಸ್ಟೂಲಿನ ಮೇಲೆ ಮಂಡಿಗೆ ಬಿಸಿನೀರಿನ ಚೀಲ ಕಟ್ಟಿಕೊಂಡು ಕುಳಿತು, ಬಂದವರಿಗೆಲ್ಲ ಬೆಟ್ಟದ ಕಥೆ ಹೇಳುತ್ತಿದ್ದಳು. ಅವಳ ಕಥೆಯಲ್ಲಿ ಗಾಳಿ ಬ್ಯಾಂಕಿನ ಹುಡುಗನ ಗಾಳಿಗಿಂತಲೂ ಜೋರಾಗಿತ್ತು. ಅಳಿಯ ಹಲಗೆ ಹೊತ್ತು ತಂದು ಮೇಜಿನ ಮೇಲೆ ಇಳಿಸಿ, ಯಾವ ಮಗ್ಗುಲು ಮೇಲಿರಲಿ ಎಂದು ಕೇಳುವ ಧೈರ್ಯವಾಗದೆ ಸುಮ್ಮನೆ ನಿಂತ.

"ಮುಖ ಕೆಳಗೆ," ಎಂದಳು ಪರದೆಯಮ್ಮ. ಆಮೇಲೆ ಕಣ್ಣಿನ ಡಾಕ್ಟರ ಗಿಡ್ಡ ಪರದೆಗಳನ್ನು ಅದರ ಮೇಲೆ ಹರಡಿ, ಕೆಳಗೆ ಪಟ್ಟಿ ಕೂಡಿಸಲು ಕತ್ತರಿ ಎತ್ತಿಕೊಂಡಳು. ಪಟ್ಟಿಯ ಬಟ್ಟೆ ಬಕೆಟ್ಟಿನ ನೀರಲ್ಲಿ ನೆನೆದು, ಒಣಗಿ, ಕುಗ್ಗುವುದನ್ನೆಲ್ಲ ಕುಗ್ಗಿ ಆಗಿತ್ತು.